ಹಣ್ಣಿನ ನೊಣ: ಬೆನ್ನಿನ ಬಣ್ಣ ಬೇರೆಯಾದರೆ ಹೊಸ ಪ್ರಭೇದವೇ?

ಪ್ರಶ್ನೆ: ಮಾವಿನ ತೋಟದಲ್ಲಿ ಮೀಥೈಲ್ ಯೂಜಿನಾಲ್ (ನೊಣಗಳನ್ನು ಸೆಳೆಯುವ ರಾಸಾಯನಿಕ) ಇಟ್ಟ ಬಲೆಗೆ ಬಿದ್ದ ನೊಣಗಳಲ್ಲಿ ಕೆಲವಕ್ಕೆ ಬೆನ್ನು ಕಪ್ಪು, ಕೆಲವಕ್ಕೆ ಕೆಂಗಂದು. ಹೊಸದೆಂದು ವರ್ಣಿಸಬಹುದೇ?

ಉತ್ತರ 1: ಬಣ್ಣವೊಂದನ್ನೇ ದಯವಿಟ್ಟು ನಂಬಬೇಡಿ. ಮಾವಿನ ಸಾಮಾನ್ಯ ಹಣ್ಣಿನ ನೊಣ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್‌ನಲ್ಲಿ ಎರಡೂ ಉಂಟು. ಆಫ್ರಿಕಾದ ಮಾದರಿಗಳಿಂದ 2005ರಲ್ಲಿ ಹೊಸದೆಂದು ವರ್ಣಿಸಿದ ‘ಇನ್ವಾಡೆನ್ಸ್’ ಪ್ರಭೇದ 2015ರಲ್ಲಿ ಡಾರ್ಸಾಲಿಸ್‌ಗೇ ಸೇರಿತು. ಅವೆರಡೂ ಪರಸ್ಪರ ಕೂಡಿ ಮರಿ ಮಾಡುತ್ತವೆ, ಸಂಗಾತಿಯನ್ನು ಸೆಳೆಯುವ ವಾಸನೆ (ಫೆರೊಮೋನ್) ಒಂದೇ, ಡಿಎನ್‌ಎಯೂ ಬೇರ್ಪಡಲಿಲ್ಲ.

ಉತ್ತರ 2: ಆ ಬಲೆಗೆ ಬರುವುದು ಗಂಡು ಮಾತ್ರ. ಪ್ರಭೇದ ಗುರುತಿಸಲು ಮೊಟ್ಟೆಯಿಡುವ ಅಂಗದ ಮೊನೆ ಅಳೆಯಲು ಹೆಣ್ಣು ಬೇಕು, ಹುಳುಬಿದ್ದ ಹಣ್ಣನ್ನು ಮರಳಿನ ಮೇಲಿಟ್ಟು ಸಾಕಿ. ಹೊರಬಂದೊಡನೆ ಕೊಲ್ಲಬೇಡಿ, ಬಣ್ಣ ಕಟ್ಟಿರುವುದಿಲ್ಲ. ಕೆಲವು ದಿನ ಸಕ್ಕರೆ, ನೀರು ಕೊಡಿ. ಹೊಟ್ಟೆಯ ತುದಿಯನ್ನು 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ರಾತ್ರಿಯಿಡೀ ನೆನೆಸಿ, ತೊಳೆದು, ಗ್ಲಿಸರಿನ್‌ನಲ್ಲಿ ನೋಡಿ. ಹೆಚ್ಚು ಕುದಿಸಿದರೆ ಪೊರೆಗಳು ಕರಗಿಹೋಗುತ್ತವೆ.

ಉತ್ತರ 3: ಅದಕ್ಕೂ ಮೊದಲೇ ಡಿಎನ್‌ಎ ಪರೀಕ್ಷೆಗೆಂದು ನೊಣದ ಒಂದು ಕಾಲನ್ನು 95% ಆಲ್ಕೋಹಾಲಿನಲ್ಲಿ ಎತ್ತಿಡಿ. ಆದರೆ ಡಾರ್ಸಾಲಿಸ್ ಮತ್ತು ಅದರ ಹತ್ತಿರದ ಪ್ರಭೇದಗಳ ಗುಂಪಿನಲ್ಲಿ, ಒಂದೇ ಜೀನ್ ನೋಡಿ ಪ್ರಭೇದ ಗುರುತಿಸುವ ಸಿಒಐ ಬಾರ್‌ಕೋಡ್ ಒಂದೇ ಸಾಲದು.