ಕಾಪಿ ಮಾಡಿದ 5250 ಪ್ರೊಫೈಲ್: ಎರಡನೇ ಕಂಪ್ಯೂಟರ್‌ನಲ್ಲಿ 8902, ಪ್ರಿಂಟ್ ಬೇರೆ ಮೆಷಿನ್‌ನಲ್ಲಿ

ಹಸಿರುಪರದೆ:
ಐಬಿಎಂ ಐ ಸರ್ವರ್, ಅದಕ್ಕೆ 5250 ಟರ್ಮಿನಲ್ ಪರದೆ ತೆರೆಯಲು ಆಕ್ಸೆಸ್ ಕ್ಲೈಂಟ್ ಸೊಲ್ಯೂಷನ್ಸ್ ಸಾಫ್ಟ್‌ವೇರ್. ಒಂದು ಕಂಪ್ಯೂಟರ್‌ನಲ್ಲಿ ಡಿಸ್‌ಪ್ಲೇ, ಪ್ರಿಂಟರ್ ಎರಡೂ ಸೆಷನ್ ಸರಿಯಾಗಿವೆ. ಅದೇ ಎಚ್‌ಓಡಿ ಫೈಲ್‌ಗಳನ್ನು (ಸೆಷನ್ ಪ್ರೊಫೈಲ್) ಇನ್ನೂ ಮೂರು ಕಂಪ್ಯೂಟರ್‌ಗೆ ಹಾಕಿದ್ದೇವೆ. ಯಾವುದು ಮೊದಲು ಆನ್ ಆಗುತ್ತದೋ ಅದು ಮಾತ್ರ ಕನೆಕ್ಟ್ ಆಗುತ್ತದೆ, ಉಳಿದವಕ್ಕೆ 8902 ಎಂಬ ತಪ್ಪಿನ ಕೋಡ್. ಪ್ರಿಂಟರ್ ಸೆಷನ್ ಐ902 (ಸೆಷನ್ ಶುರುವಾಗಿದೆ) ತೋರಿಸಿದರೂ ಕಾಗದ ಬೇರೆ ಪ್ರಿಂಟರ್‌ನಲ್ಲಿ ಬರುತ್ತದೆ. ಫೈರ್‌ವಾಲ್ ತೊಂದರೆಯೇ?

ಸ್ಪೂಲ್‌ರಾಯ:
ಫೈರ್‌ವಾಲ್ ಅಲ್ಲ. ಪೋರ್ಟ್ 23 (ಟಿಎಲ್‌ಎಸ್ ಇದ್ದರೆ 992) ಮುಚ್ಚಿದ್ದರೆ ಈ ಕೋಡ್ ಕೂಡ ಬರುತ್ತಿರಲಿಲ್ಲ. ಸರ್ವರ್ ತಾನೇ ಉತ್ತರ ಕೊಟ್ಟಿದೆ: ಕೇಳಿದ ಡಿವೈಸ್ (ಪ್ರತಿ ಸೆಷನ್‌ಗೆ ಸರ್ವರ್‌ನಲ್ಲಿರುವ ಹೆಸರು) ಸಿಗುವ ಸ್ಥಿತಿಯಲ್ಲಿಲ್ಲ. ಅಂದರೆ ಅದೇ ಹೆಸರಿನಲ್ಲಿ ಇನ್ನೊಬ್ಬರು ಕೂತಿದ್ದಾರೆ. ಪ್ರೊಫೈಲ್ ತೆರೆದು ವರ್ಕ್‌ಸ್ಟೇಷನ್ ಐಡಿ ನೋಡಿ, ಡಿವೈಸ್ ಹೆಸರು ಬರುವುದು ಅಲ್ಲಿಂದಲೇ. ಅಲ್ಲಿ ಕೈಯಾರೆ ಬರೆದ ಹೆಸರಿದ್ದರೆ ನಾಲ್ಕೂ ಕಂಪ್ಯೂಟರ್ ಒಂದೇ ಕುರ್ಚಿಗೆ ಜಗಳವಾಡುತ್ತಿವೆ.

ಡಿಸ್‌ಪ್ಲೇ ಪ್ರೊಫೈಲ್‌ನಲ್ಲಿ ಆ ಹೆಸರು ಅಳಿಸಿ &ಸಿಓಎಂಪಿಎನ್ ಹಾಕಿ (ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು), ಅದು ಕಂಪ್ಯೂಟರ್ ಹೆಸರನ್ನು ತೆಗೆದುಕೊಳ್ಳುತ್ತದೆ. ಜೊತೆಗೆ = ಸೇರಿಸಿದರೆ ಸೆಷನ್ ಅಕ್ಷರ, % ಸೇರಿಸಿದರೆ ಡಿಸ್‌ಪ್ಲೇಗೆ ಎಸ್, ಪ್ರಿಂಟರ್‌ಗೆ ಪಿ, * ಸೇರಿಸಿದರೆ ಹೆಸರು ಬಳಕೆಯಲ್ಲಿದ್ದಾಗ ಬೇರೆ ಹೆಸರಿನಿಂದ ಮತ್ತೆ ಪ್ರಯತ್ನ.

ಹಸಿರುಪರದೆ:
ಮಾಡಿದೆ. ಎರಡು ಕಂಪ್ಯೂಟರ್ ಸರಿಯಾದವು. ಇನ್ನೆರಡರಲ್ಲಿ ಯಾವುದು ತಡವಾಗಿ ಆನ್ ಆಗುತ್ತದೋ ಅದಕ್ಕೆ ಮತ್ತೆ 8902. ಆ ಎರಡರ ಹೆಸರು ಅಕೌಂಟ್ಸ್‌ಪಿಸಿ01, ಅಕೌಂಟ್ಸ್‌ಪಿಸಿ02.

ಸ್ಪೂಲ್‌ರಾಯ:
ಇಂಗ್ಲಿಷ್‌ನಲ್ಲಿ ಬರೆದು ಎಣಿಸಿ: ಅಕೌಂಟ್ಸ್‌ಗೆ 8, ಪಿಸಿಗೆ 2, ಅಂಕಿಗೆ 2, ಒಟ್ಟು 12. ಡಿವೈಸ್ ಹೆಸರಿಗೆ ಇರುವುದು 10 ಜಾಗ. ಬಾಲ ಕತ್ತರಿಸಿಹೋಗಿ ಎರಡೂ ಒಂದೇ ಆದವು. + ಸೇರಿಸಿದರೆ ತಲೆಯ ಕಡೆಯಿಂದ ಕತ್ತರಿಸುತ್ತದೆ, 01 ಮತ್ತು 02 ಉಳಿಯುತ್ತವೆ. ಮೇಲೆ ಹೇಳಿದ =, %, * ಕೂಡ ಇದೇ ಹತ್ತರಲ್ಲಿ ಒಂದೊಂದು ಜಾಗ ತಿನ್ನುತ್ತವೆ, ಮರೆಯಬೇಡಿ.

ಇದಾದ ಮೇಲೆ 8902 ಹೋಗಿ 8925 ಅಥವಾ 8940 ಬಂದರೆ ಅದು ಬೇರೆ ಕಥೆ. ಹೊಸ ಹೆಸರಿಗೆ ಡಿವೈಸ್ ಸೃಷ್ಟಿಯಾಗುತ್ತಿಲ್ಲ ಎಂದರ್ಥ. ಸಿಸ್ಟಂ ವ್ಯಾಲ್ಯೂ ಕ್ಯೂಆಟೋವಿಆರ್‌ಟಿ (ತಾನಾಗಿ ಸೃಷ್ಟಿಯಾಗಬಹುದಾದ ಡಿವೈಸ್‌ಗಳ ಸಂಖ್ಯೆ) 0 ಆಗಿದೆಯೋ, ಮಿತಿ ಮುಗಿದಿದೆಯೋ ಅಡ್ಮಿನ್ ನೋಡಲಿ.

ಕ್ಯೂಕಾವಲುಗಾರ:
ಒಂದು ತಿದ್ದುಪಡಿ: * ಚಿಹ್ನೆಯನ್ನು ಪ್ರಿಂಟರ್ ಪ್ರೊಫೈಲ್‌ಗೆ ಹಾಕಲೇಬೇಡಿ. ಪ್ರಿಂಟರ್ ಡಿವೈಸ್‌ಗೆ ಅದೇ ಹೆಸರಿನ ಔಟ್‌ಪುಟ್ ಕ್ಯೂ (ಪ್ರಿಂಟ್‌ಗೆ ಕಾಯುವ ಸಾಲು) ಇರುತ್ತದೆ. ಇವತ್ತು ಒಂದು ಹೆಸರು, ನಾಳೆ ಇನ್ನೊಂದು ಅಂತಾದರೆ ಸ್ಪೂಲ್ ಫೈಲ್‌ಗಳು (ಪ್ರಿಂಟ್ ಆಗಬೇಕಾದವು) ಹಳೆಯ ಕ್ಯೂನಲ್ಲೇ ಕೊಳೆಯುತ್ತವೆ, ಸೆಷನ್ ಮಾತ್ರ ಐ902 ಅಂತ ನಗುತ್ತಿರುತ್ತದೆ. ಐಡಿ ಖಾಲಿ ಬಿಡುವುದೂ ಡಿಸ್‌ಪ್ಲೇಗೆ ನಡೆಯುತ್ತದೆ, ಪ್ರಿಂಟರ್‌ಗೆ ಬೇಡ. ಪ್ರಿಂಟರ್‌ಗೆ ಪ್ರತಿ ಕಂಪ್ಯೂಟರ್‌ನಲ್ಲೂ ಕೈಯಾರೆ ಬೇರೆ ಬೇರೆ ಹೆಸರು ಕೊಡುವುದೇ ವಾಸಿ.

ಬೇರೆ ಪ್ರಿಂಟರ್‌ನಲ್ಲಿ ಕಾಗದ ಬರುವುದಕ್ಕೆ ಎರಡನೇ ಕಾರಣವೂ ಇರಬಹುದು. ಪ್ರೊಫೈಲ್‌ನಲ್ಲಿ ವಿಂಡೋಸ್ ಡೀಫಾಲ್ಟ್ ಪ್ರಿಂಟರ್ ಎಂದಿದೆಯೇ? ವಿಂಡೋಸ್ 10 ಮತ್ತು 11ರಲ್ಲಿ ಡೀಫಾಲ್ಟನ್ನು ವಿಂಡೋಸೇ ನೋಡಿಕೊಳ್ಳಲಿ ಎಂಬ ಆಯ್ಕೆ ಆನ್ ಇದ್ದರೆ, ಕೊನೆಗೆ ಬಳಸಿದ ಪ್ರಿಂಟರೇ ಡೀಫಾಲ್ಟ್ ಆಗುತ್ತದೆ. ಯಾರೋ ಒಂದು ಪಿಡಿಎಫ್ ಬೇರೆ ಕಡೆ ತೆಗೆದರೆ ಸಾಕು. ಅದನ್ನು ಆಫ್ ಮಾಡಿ, ಪ್ರೊಫೈಲ್‌ನಲ್ಲೂ ಪ್ರಿಂಟರ್ ಹೆಸರನ್ನೇ ಆರಿಸಿ.

ಹಸಿರುಪರದೆ:
ಡೀಫಾಲ್ಟ್ ಎಂದೇ ಇತ್ತು, ಬದಲಿಸಿದೆ. ಈಗ ಮೂರು ಕಡೆ ಸರಿಯಾದ ಪ್ರಿಂಟರ್‌ನಲ್ಲೇ ಬರುತ್ತಿದೆ. ನಾಲ್ಕನೆಯದರಲ್ಲಿ ಏನೂ ಬರುತ್ತಿಲ್ಲ, ರೈಟರ್ (ಕ್ಯೂನಿಂದ ಪ್ರಿಂಟರ್‌ಗೆ ಕಳಿಸುವ ಜಾಬ್) ಸ್ಟೇಟಸ್ ಎಂಎಸ್‌ಜಿಡಬ್ಲ್ಯು. ವಿಂಡೋಸ್‌ನಲ್ಲೂ ಆ ಪ್ರಿಂಟರ್ ಆಫ್‌ಲೈನ್ ಅಂತಿದೆ, ಆದರೆ ಪಿಂಗ್ ಆಗುತ್ತದೆ.

ಕ್ಯೂಕಾವಲುಗಾರ:
ಎರಡು ಬೇರೆ ಬೇರೆ ಗಂಟು. ಎಂಎಸ್‌ಜಿಡಬ್ಲ್ಯು ಎಂದರೆ ರೈಟರ್ ನಿಮ್ಮ ಉತ್ತರಕ್ಕೆ ಕಾಯುತ್ತಿದೆ. ಮೆಸೇಜ್ ತೆರೆದು ನೋಡಿ, ಸಿಪಿಎ3394 ಆಗಿದ್ದರೆ ಅದು ಫಾರ್ಮ್ (ಕಾಗದದ ಬಗೆ) ಬದಲಿಸಿ ಎಂದು ಕೇಳುತ್ತಿದೆ. ಕಾಗದ ಸರಿ ಇದ್ದರೆ ಜಿ ಒತ್ತಿ.

ಆಫ್‌ಲೈನ್‌ಗೆ ಪೋರ್ಟ್ ನೋಡಿ. ಡಬ್ಲ್ಯುಎಸ್‌ಡಿ (ವಿಂಡೋಸ್ ತಾನೇ ಪ್ರಿಂಟರ್ ಹುಡುಕಿ ಹಾಕುವ) ಪೋರ್ಟ್ ಇದ್ದರೆ ತೆಗೆದು, ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್, ಪ್ರೊಟೋಕಾಲ್ ರಾ, ಪೋರ್ಟ್ ಸಂಖ್ಯೆ 9100 ಮಾಡಿ. ಆಗಲೇ ಟಿಸಿಪಿ/ಐಪಿ ಇದ್ದರೆ ಕಾನ್ಫಿಗರ್ ಪೋರ್ಟ್‌ನಲ್ಲಿ ಎಸ್‌ಎನ್‌ಎಂಪಿ (ಪ್ರಿಂಟರ್‌ನ ಸ್ಥಿತಿ ಕೇಳುವ ವಿಧಾನ) ಸ್ಟೇಟಸ್ ಟಿಕ್ ತೆಗೆಯಿರಿ. ಪ್ರಿಂಟರ್ ಎಸ್‌ಎನ್‌ಎಂಪಿಗೆ ಉತ್ತರಿಸದಿದ್ದರೆ, ಪಿಂಗ್ ಆಗುತ್ತಿದ್ದರೂ ವಿಂಡೋಸ್ ಅದನ್ನು ಆಫ್‌ಲೈನ್ ಎಂದೇ ತಿಳಿಯುತ್ತದೆ. ಪ್ರಿಂಟರ್‌ನ ಐಪಿಯನ್ನು ರೌಟರ್‌ನಲ್ಲಿ ರಿಸರ್ವ್ ಮಾಡಿಡಿ.

ಹಸಿರುಪರದೆ:
ಎಸ್‌ಎನ್‌ಎಂಪಿ ಟಿಕ್ ತೆಗೆದ ತಕ್ಷಣ ಆನ್‌ಲೈನ್. ಜಿ ಒತ್ತಿದೆ, ಪ್ರಿಂಟ್ ಬಂತು. ಆದರೆ ಪುಟದ ತಲೆಯಲ್ಲಿ ಒಂದೆರಡು ಸಾಲು ಅರ್ಥವಿಲ್ಲದ ಚಿಹ್ನೆ.

ಸ್ಪೂಲ್‌ರಾಯ:
ಪ್ರಿಂಟರ್ ಪ್ರೊಫೈಲ್‌ನಲ್ಲಿ ಹೋಸ್ಟ್ ಪ್ರಿಂಟ್ ಟ್ರಾನ್ಸ್‌ಫಾರ್ಮ್ ಬಹುಶಃ ಆನ್ ಆಗಿದೆ. ಆಗ ಸರ್ವರೇ ಪ್ರಿಂಟರ್ ಭಾಷೆಗೆ, ಸಾಮಾನ್ಯವಾಗಿ ಪಿಸಿಎಲ್‌ಗೆ, ಬದಲಿಸಿ ಕಳಿಸುತ್ತದೆ. ಆ ಪ್ರಿಂಟರ್‌ಗೆ ಪಿಸಿಎಲ್ ಬಾರದಿದ್ದರೆ ಆಜ್ಞೆಗಳನ್ನೇ ಅಕ್ಷರವಾಗಿ ಅಚ್ಚು ಹಾಕುತ್ತದೆ. ಟ್ರಾನ್ಸ್‌ಫಾರ್ಮ್ ಆಫ್ ಮಾಡಿ, ವಿಂಡೋಸ್ ಡ್ರೈವರ್ ಮೂಲಕ ಹೋಗಲಿ. ಸೆಷನ್ ಮುಚ್ಚಿ ಮತ್ತೆ ತೆರೆಯಿರಿ, ತೆರೆದಿರುವಾಗ ಬದಲಿಸಿದ್ದು ಹತ್ತುವುದಿಲ್ಲ.

ಹಸಿರುಪರದೆ:
ಪುಟ ಈಗ ಸ್ವಚ್ಛ. ನಾಲ್ಕೂ ಸರಿ.