ಕುರುವಿಗೆ ಅಗಸೆ ಪಟ್ಟು ಹಾಕಬೇಕಾ, ಸಾಸಿವೆ ಪಟ್ಟಾ?

ರಾಣೆಬೆನ್ನೂರು ಸೊಸೆ:
ನಮ್ಮ ಅತ್ತೆಯವರ ಬೆನ್ನ ಮೇಲೆ ಕುರು ಎದ್ದಿದೆ. ಕೆಂಪಗೆ, ಗಟ್ಟಿಯಾಗಿದೆ. ಮುಟ್ಟಿದರೆ ನೋವು. ಅಗಸೆ ಪಟ್ಟು ಕಟ್ಟು ಅಂತಾರೆ ಅತ್ತೆ. ಸಾಸಿವೆ ಅರೆದು ಹಾಕಿ, ಬೇಗ ಒಡೆಯುತ್ತೆ ಅಂತಾರೆ ಪಕ್ಕದ ಮನೆಯವರು. ಮಾಡಿ ಗೊತ್ತಿರುವವರು ಹೇಳಿ.

ವಿಜಯಪುರದ ರೈತ:
ಅಗಸೆನೇ ಸರಿ ತಂಗಿ. ನಮ್ಮ ಕಡೆ ಹಿಂಗಾರಿಗೆ ಅಗಸೆ ಬಿತ್ತುತ್ತೇವೆ, ಮನೆಯಲ್ಲಿ ಯಾವಾಗಲೂ ಇರುತ್ತದೆ. ನಾಲ್ಕು ಚಮಚ ಅಗಸೆಯನ್ನು ಹುರಿಯದೆ ತರಿತರಿಯಾಗಿ ಪುಡಿ ಮಾಡಿ. ಸಣ್ಣ ಪಾತ್ರೆಯಲ್ಲಿ ನೀರು ಕುದಿಸಿ, ಉಪ್ಪಿಟ್ಟಿಗೆ ರವೆ ಉದುರಿಸುವ ಹಾಗೆ ಪುಡಿಯನ್ನು ಸ್ವಲ್ಪಸ್ವಲ್ಪವೇ ಉದುರಿಸುತ್ತಾ ತಿರುವಿ. ಲೋಳೆ ಬಿಟ್ಟು ಗಟ್ಟಿಯಾಗಿ, ಪಾತ್ರೆಯ ಅಂಚು ಬಿಡತೊಡಗಿದಾಗ ಇಳಿಸಿ. ಒಗೆದ ಹಳೇ ಪಂಚೆಯ ತುಂಡಿನ ಮೇಲೆ ಬೆರಳು ದಪ್ಪ ಹರಡಿ ಮಡಚಿ. ಮೊದಲು ನಿಮ್ಮ ಮುಂಗೈ ಒಳಭಾಗಕ್ಕೆ ಇಟ್ಟು ನೋಡಿ. ಅಲ್ಲಿ ತಡೆಯುವಷ್ಟು ಬಿಸಿ ಇದ್ದರೆ ಮಾತ್ರ ಕುರುವಿಗೆ ಇಡಿ. ಆರಿದ ಮೇಲೆ ತೆಗೆಯಿರಿ.

ತೀರ್ಥಹಳ್ಳಿ ಮನೆ:
ಸಾಸಿವೆಯನ್ನೂ ಪೂರ್ತಿ ತಳ್ಳಿಹಾಕಬೇಡಿ. ನಮ್ಮಲ್ಲಿ ಹಿಡಿದುಕೊಂಡ ಬೆನ್ನಿಗೆ, ಮಂಡಿಗೆ ಸಾಸಿವೆ ಪಟ್ಟು ಹಾಕುವುದುಂಟು. ಒಂದು ಪಾಲು ಸಾಸಿವೆ ಪುಡಿಗೆ ನಾಲ್ಕು ಪಾಲು ಗೋಧಿ ಹಿಟ್ಟು, ಉಗುರು ಬೆಚ್ಚಗಿನ ನೀರು. ಚರ್ಮ ಕೆಂಪಾಗುತ್ತಿದ್ದಂತೆ ತೆಗೆದು ಒರೆಸಿ, ಮೇಲೆ ಕೊಬ್ಬರಿ ಎಣ್ಣೆ.

ಕೆಮಿಸ್ಟ್ರಿ ಮೇಷ್ಟ್ರು:
ಹಿಡಿದುಕೊಂಡ ಬೆನ್ನು ಬೇರೆ, ಕುರು ಬೇರೆ ಸಾರ್. ಸಾಸಿವೆ ಜಜ್ಜಿ ನೀರು ಸೇರಿಸಿದಾಗ ಅದರೊಳಗಿನ ಒಂದು ಕಿಣ್ವ ಕೆಲಸ ಶುರು ಮಾಡಿ ಅಲೈಲ್ ಐಸೋಥಯೋಸಯನೇಟ್ ಎಂಬ ಖಾರದ ಎಣ್ಣೆ ಹುಟ್ಟುತ್ತದೆ. ಮೂಗಿಗೆ ಏರುವುದು ಅದೇ, ಚರ್ಮ ಸುಡುವುದೂ ಅದೇ. ಪಟ್ಟು ತಣ್ಣಗಿದ್ದರೂ ಸುಡುತ್ತದೆ, ಹೆಚ್ಚು ಹೊತ್ತು ಬಿಟ್ಟರೆ ಗುಳ್ಳೆ ಏಳುತ್ತದೆ. ಮೊದಲೇ ಊದಿದ ಜಾಗಕ್ಕೆ ಅದು ಬೇಡವೇ ಬೇಡ. ಅಗಸೆಯಲ್ಲಿ ಇಂಥ ಖಾರ ಇಲ್ಲ. ಅದರ ಲೋಳೆ ಬಿಸಿಯನ್ನೂ ತೇವವನ್ನೂ ಹಿಡಿದಿಡುತ್ತದೆ, ಅಷ್ಟೇ.

ವಿಜಯಪುರದ ರೈತ:
ಅಷ್ಟೇ ಅಂತೀರಲ್ಲ ಮೇಷ್ಟ್ರೇ, ಕುರು ಹಣ್ಣಾಗಲು ಬೇಕಾದ್ದೂ ಅದೇ ಅಲ್ವಾ?

ವಾರ್ಡ್ ನರ್ಸ್:
ಹೌದು ಅಣ್ಣ, ಸಣ್ಣ ಕುರುವಿಗೆ ದಿನಕ್ಕೆ ಮೂರ್ನಾಲ್ಕು ಸಲ ಬೆಚ್ಚಗಿನ ಒದ್ದೆ ಬಟ್ಟೆ ಇಡಿ ಅಂತ ಡಾಕ್ಟರೂ ಹೇಳುತ್ತಾರೆ. ಆದರೆ ಬಾಯಿ ಬಿಟ್ಟು ಕೀವು ಬರುತ್ತಿದ್ದರೆ ಅದರ ಮೇಲೆ ಅಗಸೆ ಮೆತ್ತಬಾರದು. ಹಿಂಡಲೂಬಾರದು. ಸೊಸೆಯವರೇ, ಎರಡು ಪ್ರಶ್ನೆ. ಅತ್ತೆಗೆ ಶುಗರ್ ಇದೆಯಾ? ಕುರುವಿಗೆ ಒಂದೇ ಬಾಯಿಯಾ, ಜಾಸ್ತಿ ಇವೆಯಾ?

ರಾಣೆಬೆನ್ನೂರು ಸೊಸೆ:
ಶುಗರ್ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಈಗ ನೋಡಿದರೆ ಎರಡು ಮೂರು ಕಡೆ ಬಿಳಿ ಚುಕ್ಕಿ ಕಾಣುತ್ತಿದೆ. ರಾತ್ರಿ ಚಳಿ ಅಂತ ಹೊದ್ದುಕೊಂಡಿದ್ದರು.

ವಾರ್ಡ್ ನರ್ಸ್:
ಹಾಗಿದ್ದರೆ ಯಾವ ಪಟ್ಟೂ ಬೇಡ. ಇವತ್ತೇ ತೋರಿಸಿ. ಶುಗರ್ ಇದ್ದವರಿಗೆ ಬೆನ್ನಿನಲ್ಲೋ ಕತ್ತಿನ ಹಿಂದೋ ಹಲವು ಬಾಯಿಯ ಕುರು ಎದ್ದರೆ ಕೀವು ಒಳಗೇ ಹರಡುತ್ತದೆ. ಚಳಿ ಬಂದಿದೆ ಅಂದರೆ ಕಾಯುವ ಮಾತೇ ಇಲ್ಲ. ಕೆಲವರಿಗೆ ಚರ್ಮದ ಸ್ಪರ್ಶವೂ ಮಂದವಾಗಿರುತ್ತದೆ. ಸುಟ್ಟರೂ ಗೊತ್ತಾಗುವುದಿಲ್ಲ.

ವಿಜಯಪುರದ ರೈತ:
ಎಲ್ಲದಕ್ಕೂ ಆಸ್ಪತ್ರೆ ಅಂದರೆ ಮನೆಮದ್ದು ಉಳಿಯುವುದು ಹೇಗೆ?

ತೀರ್ಥಹಳ್ಳಿ ಮನೆ:
ಅಣ್ಣ, ಇಲ್ಲಿ ನರ್ಸ್ ಮೇಡಂ ಮಾತು ನಮ್ಮ ಹಳೆಯ ವೈದ್ಯಕ್ಕೂ ಒಪ್ಪುತ್ತದೆ. ಚರಕ ಸಂಹಿತೆಯ ಸೂತ್ರಸ್ಥಾನದ 14ನೇ ಅಧ್ಯಾಯ ಪೂರ್ತಿ ಶಾಖದ ಬಗ್ಗೆಯೇ ಇದೆ. ಯಾರಿಗೆ ಶಾಖ ಕೊಡಬಾರದು ಎಂಬ ಪಟ್ಟಿಯಲ್ಲಿ ಮಧುಮೇಹದವರೂ ಇದ್ದಾರೆ. ರಾತ್ರಿ ಕಟ್ಟಿದ ಪಟ್ಟನ್ನು ಹಗಲು ಬಿಚ್ಚಬೇಕು, ಹಗಲು ಕಟ್ಟಿದ್ದನ್ನು ರಾತ್ರಿ ಬಿಚ್ಚಬೇಕು, ಇಲ್ಲದಿದ್ದರೆ ಉರಿಯಾಗುತ್ತದೆ ಎಂದೂ ಅಲ್ಲೇ ಹೇಳಿದೆ. ಮನೆಮದ್ದು ಉಳಿಯಬೇಕಾದರೆ ಈ ಎಚ್ಚರವೂ ಜೊತೆಗೆ ಉಳಿಯಬೇಕು. ನಾವು ಪಟ್ಟು ನೆನಪಿಟ್ಟುಕೊಂಡು ಪಥ್ಯ ಮರೆತಿದ್ದೇವೆ.

ವಿಜಯಪುರದ ರೈತ:
ಇದು ಒಪ್ಪುವ ಮಾತು. ತಂಗಿ, ಮೊದಲು ಕರೆದುಕೊಂಡು ಹೋಗು.

ಎಳೇ ಕೂಸಿನ ತಾಯಿ:
ನಡುವೆ ಕೇಳುತ್ತಿದ್ದೇನೆ, ಕೂಸಿನ ಶೀತಕ್ಕೆ ಓಮದ ಪೊಟ್ಟಣ ಬಿಸಿ ಮಾಡಿ ಎದೆಗೆ ಒತ್ತಬಹುದಾ?

ವಾರ್ಡ್ ನರ್ಸ್:
ಒತ್ತಬೇಡಿ. ಹೆಂಚಿನ ಮೇಲಿಂದ ತೆಗೆದ ಪೊಟ್ಟಣ ಹೊರಗೆ ಬೆಚ್ಚಗೆನಿಸಿದರೂ ಒಳಗಿನ ಕಾಳು ಕೆಂಡದಷ್ಟು ಕಾದಿರುತ್ತದೆ. ಕೂಸಿನ ಚರ್ಮ ತೆಳು, ಎದೆ ಸುಟ್ಟುಕೊಂಡು ಬಂದ ಕೂಸುಗಳನ್ನು ನೋಡಿದ್ದೇನೆ. ಒಳಗೆ ಕರ್ಪೂರವಂತೂ ಹಾಕಲೇಬೇಡಿ. ಉಸಿರು ಜೋರಾಗಿದ್ದರೆ, ಹಾಲು ಕುಡಿಯದಿದ್ದರೆ ತಕ್ಷಣ ತೋರಿಸಿ.

ರಾಣೆಬೆನ್ನೂರು ಸೊಸೆ:
ಆಟೋ ಬಂದಿದೆ, ಹೊರಟೆವು. ಅಗಸೆ ಪುಡಿ ಆಗಲೇ ಮಾಡಿಟ್ಟಿದ್ದೆ. ಮಾವನವರ ಮಂಡಿ ನೋವಿಗೆ ಆಗುತ್ತದಾ? ಅವರಿಗೆ ಶುಗರ್ ಇಲ್ಲ.

ವಿಜಯಪುರದ ರೈತ:
ಮಂಡಿ ಊದಿ ಕೆಂಪಾಗಿಲ್ಲ ಅಂದರೆ ಧಾರಾಳವಾಗಿ ಹಾಕಿ. ಹುರುಳಿ ಹುರಿದು ಗಂಟು ಕಟ್ಟಿದರೂ ಆಗುತ್ತದೆ, ಅದು ಒಣ ಶಾಖ. ಅಗಸೆ ಪುಡಿ ಮಾತ್ರ ಬಹಳ ದಿನ ಇಡಬೇಡಿ, ಎಣ್ಣೆ ಕಮಟು ಹತ್ತುತ್ತದೆ. ಬೇಕಾದಾಗ ಬೇಕಾದಷ್ಟೇ ಪುಡಿ ಮಾಡಿಕೊಳ್ಳಿ.