ಹಿತ್ತಿಲಲ್ಲಿ ಹ್ಯಾಮಕ್ (ಎರಡು ಮರಗಳ ನಡುವೆ ಕಟ್ಟುವ ತೂಗುಹಾಸಿಗೆ) ಕಟ್ಟಲು ಯಾವ ಮರ ನೆಡಬೇಕು?

ಪ್ರಶ್ನೆ: ಉಡುಪಿ ಕಡೆ, ಮುರಕಲ್ಲು ನೆಲ. ಅಡಿಕೆ, ತೆಂಗು, ಫಾಕ್ಸ್‌ಟೇಲ್ ಪಾಮ್ (ನರಿಬಾಲದಂಥ ಗರಿಯ ಅಲಂಕಾರಿಕ ತಾಳೆ) ಇವುಗಳಲ್ಲಿ ಯಾವುದಾದೀತು? ಎರಡು ಗಿಡಗಳ ನಡುವೆ ಎಷ್ಟು ಅಂತರ ಬೇಕು?

ಉತ್ತರ 1: ಅಡಿಕೆ ಬೇಡ ಸರ್. ಕಾಂಡ ಸಪೂರ, ಅಡ್ಡ ಎಳೆತಕ್ಕೆ ಬಾಗುತ್ತದೆ. ಫಾಕ್ಸ್‌ಟೇಲ್ ಒಳ್ಳೆಯ ಆಯ್ಕೆ, ತಲೆ ಮೇಲೆ ಬೀಳುವ ಕಾಯಿಯ ಭಯವಿಲ್ಲ. ಅಂತರ 4ರಿಂದ 4.5 ಮೀಟರ್ ಇರಲಿ. ತೆಂಗಿನ ತೋಟದ 7.5 ಮೀಟರ್ ಲೆಕ್ಕ ಇಲ್ಲಿ ಹಿಡಿಯಬೇಡಿ, ಹಗ್ಗ ತೀರಾ ಉದ್ದವಾಗುತ್ತದೆ. ಮುರಕಲ್ಲಿನಲ್ಲಿ ಹೊಂಡ 1 ಮೀಟರ್ ಆಳ, ಅಷ್ಟೇ ಅಗಲ ಬೇಕೇ ಬೇಕು. ಚಿಕ್ಕದಾದರೆ ಬೇರು ಹರಡದೆ ಮರ ಅಲುಗಾಡುತ್ತದೆ.

ಉತ್ತರ 2: ತೆಂಗೇ ನೆಡುವುದಾದರೆ ಎತ್ತರದ ತಳಿ ಆರಿಸಿ. ಗಿಡ್ಡ ತಳಿಯಲ್ಲಿ ಗೊನೆ ಬಹುಕಾಲ ಕೈಗೆಟಕುವಷ್ಟರಲ್ಲೇ ಇರುತ್ತದೆ, ಕಾಂಡವೂ ಸಪೂರ. ಎಳನೀರಿನ ಹಂತದಲ್ಲೇ ಕಾಯಿ ಇಳಿಸಿ, ಒಣ ಮಡಲನ್ನೂ ತೆಗೆಸಿ.

ಮೊಳೆ, ಕೊಕ್ಕೆ ಹೊಡೆಯಲೇಬೇಡಿ. ತಾಳೆ ಜಾತಿಯ ಕಾಂಡಕ್ಕೆ ಗಾಯ ಮಾಯಿಸಿಕೊಳ್ಳುವ ಶಕ್ತಿಯಿಲ್ಲ, ತೂತು ಹಾಗೇ ಉಳಿಯುತ್ತದೆ. ಕೆಂಪುಮೂತಿ ಹುಳು ಮೊಟ್ಟೆಯಿಡುವುದು ಇಂಥ ಗಾಯದಲ್ಲೇ. ತೂತಿನಿಂದ ಕಂದು ರಸ ಒಸರಿ, ಜಗಿದ ನಾರು ಹೊರಬಿದ್ದಿದ್ದರೆ ಹುಳು ಒಳಗಿದೆ ಎಂದೇ ಅರ್ಥ. ಹ್ಯಾಮಕ್ ಕಟ್ಟಲು ಮೊಳೆಯ ಬದಲು ಕಾಂಡಕ್ಕೆ 5 ಸೆಂ.ಮೀ. ಅಗಲದ ಪಟ್ಟಿ ಸುತ್ತಿ, ಬಳಸಿದ ಮೇಲೆ ಬಿಚ್ಚಿಡಿ.

ಉತ್ತರ 3: ಬಿಗಿಯಾಗಿ ಎಳೆದು ಕಟ್ಟುವುದೇ ದೊಡ್ಡ ತಪ್ಪು. ಹಗ್ಗ 30 ಡಿಗ್ರಿ ಇಳಿಜಾರಿದ್ದರೆ 80 ಕಿಲೋ ಮನುಷ್ಯನಿಗೆ ಒಂದೊಂದು ಮರದ ಹಗ್ಗದ ಮೇಲೆ 80 ಕಿಲೋ ಎಳೆತ. 10 ಡಿಗ್ರಿ ಮಾಡಿದರೆ 230! 4.2 ಮೀಟರ್ ಅಂತರಕ್ಕೆ ಪಟ್ಟಿ ನೆಲದಿಂದ ಸುಮಾರು 1.6 ಮೀಟರ್ ಮೇಲಿರಲಿ. ಕಾಂಡ ಎದೆಮಟ್ಟದಲ್ಲಿ 20 ಸೆಂ.ಮೀ. ದಪ್ಪವಾಗುವವರೆಗೆ ಯಾವ ಮರಕ್ಕೂ ಕಟ್ಟಬೇಡಿ. ಅಲ್ಲಿಯವರೆಗೆ ಕಬ್ಬಿಣದ ಸ್ಟ್ಯಾಂಡ್ ಸಾಕು.